ಮುಳ್ಳಿನ ತಲೆ ಮೇಲೆ ನಾಣ್ಯ ಬೇಡ: ರೆಕಾರ್ಡ್ ಪ್ಲೇಯರ್ ಹೊಂದಿಸುವುದು ಹೀಗೆ

ಹೋದ ತಿಂಗಳು ದಾವಣಗೆರೆ ವಿದ್ಯಾನಗರದ ಗೆಳೆಯರೊಬ್ಬರು ಫೋನ್ ಮಾಡಿ, "ಹೊಸಾ ಕಾರ್ಟ್ರಿಜ್ ಹಾಕೀನ್ರಿ, ಹಾಡು ಜಿಗೀತೈತಿ" ಅಂದರು. ಕಾರ್ಟ್ರಿಜ್ ಅಂದರೆ ಮುಳ್ಳು ಹೊತ್ತ ಪುಟ್ಟ ಡಬ್ಬಿ. ಹೋಗಿ ನೋಡಿದರೆ ಅದು ಕೂರುವ ತಲೆ, ಅಂದರೆ ಹೆಡ್‌ಶೆಲ್ ಮೇಲೆ ಟೇಪ್ ಹಚ್ಚಿ ಒಂದು ರೂಪಾಯಿ ನಾಣ್ಯ ಅಂಟಿಸಿದ್ದರು. ಈ ಊರಲ್ಲಿ ನಾನು ಕಂಡ ಮೂರನೇ ನಾಣ್ಯ ಇದು. ಮುಳ್ಳು ಪ್ಲೇಟಿನ ಮೇಲೆ ಊರಬೇಕಿದ್ದ ಭಾರ 2 ಗ್ರಾಂ. ನಾಣ್ಯ ಒಂದೇ 3 ಗ್ರಾಂಗಿಂತ ಜಾಸ್ತಿ!

ಮೊದಲು ಪ್ಲೇಯರ್ ಮಟ್ಟವಾಗಿ ಕೂರಲಿ. ಗಾರೆ ಕೆಲಸದವರ ರಸಮಟ್ಟ ಸಾಕು.

ಆಮೇಲೆ ಕಾರ್ಟ್ರಿಜ್. ಮುಳ್ಳಿನ ಮುಚ್ಚಳ ತೆಗೆಯದೆ ಎರಡೂ ಸ್ಕ್ರೂ ಅರ್ಧ ಬಿಗಿ ಮಾಡಿ. ಬಿಳಿ, ನೀಲಿ ತಂತಿ ಎಡ ಸ್ಪೀಕರಿನವು; ಕೆಂಪು, ಹಸಿರು ಬಲದವು. ಪಿನ್ನುಗಳಿಗೂ ಅದೇ ಬಣ್ಣ ಇರುತ್ತದೆ. ಚಿಮುಟದಲ್ಲಿ ಹಿಡಿದು ಸಿಕ್ಕಿಸಿ. ಪಿನ್ನಿಗೆ ಬೆಸುಗೆ ಹಾಕಲು ಮಾತ್ರ ಹೋಗಬೇಡಿ. ಆ ಬಿಸಿಗೆ ಒಳಗಿನ ಕೂದಲೆಳೆಯಂಥ ತಂತಿ ಹೋದರೆ ಕಾರ್ಟ್ರಿಜ್ ಕಸದ ಬುಟ್ಟಿಗೆ.

ಎಲ್ಲರೂ ಎಡವುವುದು ತೂಕದಲ್ಲಿ. ಮುಚ್ಚಳ ತೆಗೆಯಿರಿ. ಆಂಟಿ-ಸ್ಕೇಟ್ (ತೋಳು ಪ್ಲೇಟಿನ ನಡುವಿಗೆ ಜಾರದಂತೆ ತಡೆಯುವ ತಿರುಪು) ಸೊನ್ನೆಗೆ ತನ್ನಿ. ಆ ತೋಳು, ಅಂದರೆ ಟೋನ್‌ಆರ್ಮ್, ಬಿಡಿಸಿ, ಅದರ ಹಿಂತುದಿಯ ತೂಕದ ಗುಂಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಆರ್ಮ್ ಮೇಲಕ್ಕೂ ಏಳಬಾರದು, ಕೆಳಕ್ಕೂ ಬಗ್ಗಬಾರದು. ಮೆಲ್ಲಗೆ ಊದಿದರೆ ತೂಗಾಡಿ ಮತ್ತೆ ಅಲ್ಲಿಗೇ ಬಂದು ನಿಲ್ಲಬೇಕು. ಮುಳ್ಳು ಎಲ್ಲಿಗೂ ತಾಗದಂತೆ ಒಂದು ಕೈ ಅಡಿಗೆ ಇರಲಿ. ತೇಲಿತಾ? ಆರ್ಮನ್ನು ಅದರ ಕೊಕ್ಕೆಯಲ್ಲಿ ಕೂರಿಸಿ. ಈಗ ಗುಂಡನ್ನು ಅಲುಗಾಡದಂತೆ ಹಿಡಿದು, ಅಂಕಿ ಬರೆದ ಉಂಗುರವನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಗುಂಡು, ಉಂಗುರ ಎರಡೂ ಒಟ್ಟಿಗೆ ತಿರುಗಿ 2ಕ್ಕೆ ಬರಬೇಕು. ನಮ್ಮ ಗೆಳೆಯರು ಬರೀ ಉಂಗುರ ತಿರುಗಿಸಿ 2 ಮಾಡಿದ್ದರು. ಅಂಕಿ 2, ಭಾರ ಸೊನ್ನೆ. ಜಿಗಿಯದೆ ಇನ್ನೇನು ಮಾಡೀತು?

ಎಷ್ಟು ಭಾರ ಅನ್ನುವುದು ಕಾರ್ಟ್ರಿಜ್ ಡಬ್ಬಿ ಮೇಲೆಯೇ ಇರುತ್ತದೆ. ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8. ಕಮ್ಮಿ ಇಟ್ಟರೆ ಪ್ಲೇಟು ಸವೆಯಲ್ಲ ಅನ್ನುವವರ ಮಾತು ಕೇಳಬೇಡಿ. ಹಗುರಾದ ಮುಳ್ಳು ಗೀರಿನೊಳಗೆ ಕುಣಿದು ಗೋಡೆಯನ್ನೇ ಕೆರೆಯುತ್ತದೆ. ಚಿನ್ನದಂಗಡಿಯ ತಕ್ಕಡಿಯೂ ಬೇಡ. ಅದರ ತಟ್ಟೆ ಪ್ಲೇಟಿಗಿಂತ ಎತ್ತರದಲ್ಲಿರುತ್ತದೆ, ಲೆಕ್ಕ ತಪ್ಪುತ್ತದೆ. ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದಕ್ಕೆ ಎಳೆಯುತ್ತದೆ, ತೂಕ ಸುಳ್ಳಾಗುತ್ತದೆ. ಇದಕ್ಕೆಂದೇ ಪುಟ್ಟ ಡಿಜಿಟಲ್ ಗೇಜ್ ಸಿಗುತ್ತದೆ. ಅದನ್ನೇ ತಗೊಳ್ಳಿ.

ಇನ್ನು ಮುಳ್ಳು ಗೀರಿನಲ್ಲಿ ಕೂರುವ ಕೋನ. ಪ್ಲೇಟಿನ ಅಚ್ಚು ಕೊರೆಯುವ ಯಂತ್ರದ ತಲೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಆರ್ಮ್ ಬಾಗಿಲಿನ ಹಾಗೆ ಒಂದೇ ಕಡೆ ಊರಿ ತಿರುಗುತ್ತದೆ. ಹಾಗಾಗಿ ಎರಡೇ ಜಾಗದಲ್ಲಿ ಕೋನ ಪಕ್ಕಾ ಕೂರುತ್ತದೆ. ಹೆಚ್ಚಾಗಿ ಬಳಸುವ ಲೆಕ್ಕದಲ್ಲಿ ಅವು ನಡುವಿನಿಂದ 66 ಮತ್ತು 121 ಮಿಲಿಮೀಟರ್ ದೂರ. ಈ ಎರಡು ಜಾಗಕ್ಕೆ ಚುಕ್ಕಿ, ಗೆರೆ ಹಾಕಿದ ಪ್ರೊಟ್ರಾಕ್ಟರ್ (ಕೋನ ನೋಡುವ) ಕಾಗದವನ್ನು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬಹುದು. ಅವರು ಸುಮ್ನೆ ಪುಟಕ್ಕೆ ಹೊಂದಿಸಿ ಕುಗ್ಗಿಸಿ ಕೊಡುತ್ತಾರೆ, ಸ್ಕೇಲ್ ಇಟ್ಟು ಅಳೆದೇ ದುಡ್ಡು ಕೊಡಿ. ಮುಳ್ಳನ್ನು ಒಂದು ಚುಕ್ಕಿ ಮೇಲೆ ಇಳಿಸಿ, ಮುಂದಿನಿಂದ ಟಾರ್ಚ್ ಬಿಟ್ಟು ನೋಡಿ. ಕಾರ್ಟ್ರಿಜ್‌ನ ಮೈಯನ್ನಲ್ಲ, ಮುಳ್ಳು ಹೊತ್ತ ಸಣ್ಣ ಕಡ್ಡಿ ಗೆರೆಗೆ ಸಮವಾಗಿದೆಯಾ ನೋಡಿ. ಇನ್ನೊಂದು ಚುಕ್ಕಿಗೆ ಹೋದರೆ ತಪ್ಪಿರುತ್ತದೆ, ತಪ್ಪಿಯೇ ತಪ್ಪಿರುತ್ತದೆ! ಒಂದು ನೂಲು ಹಿಂದೆ ಮುಂದೆ ಜರುಗಿಸಿ ಮತ್ತೆ ಮೊದಲ ಚುಕ್ಕಿಗೆ ಬನ್ನಿ. ನನಗೆ ಇವತ್ತಿಗೂ ಅರ್ಧ ಗಂಟೆ ಹಿಡಿಯುತ್ತದೆ.

ಸ್ಕ್ರೂ ಬಿಗಿ ಮಾಡುವಾಗ ಕಾರ್ಟ್ರಿಜ್ ತಿರುಗುತ್ತದೆ, ಎರಡನ್ನೂ ಕಾಲು ಕಾಲು ಸುತ್ತು ಬಿಗಿಯಿರಿ. ಜರುಗಿಸಿದ ಮೇಲೆ ತೂಕವೂ ಬದಲಾಗಿರುತ್ತದೆ, ಮತ್ತೆ ನೋಡಲೇಬೇಕು. ಆಂಟಿ-ಸ್ಕೇಟ್ ಅಂಕಿ ತೂಕದಷ್ಟೇ ಇರಲಿ.

ಅಂದ ಹಾಗೆ, ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿಗೆ ಈ ಮುಳ್ಳು ಹಾಕಬೇಡಿ. ಅವುಗಳ ಗೀರು ಅಗಲ, ಮುಳ್ಳೇ ಬೇರೆ.

ಕೊನೆಗೆ ಲೇಬಲ್ ಹತ್ತಿರದ ಹಾಡು ಹಾಕಿ ಕೇಳಿ. ಗಾಯಕಿಯ 'ಸ' ಅಕ್ಷರ ಎಣ್ಣೆಗೆ ಬಿದ್ದ ಮೆಣಸಿನಕಾಯಿಯ ಹಾಗೆ ಚರ್ರೆಂದರೆ ಮತ್ತೆ ಆ ಚುಕ್ಕಿಯ ಕಾಗದ ಹೊರತೆಗೆಯಿರಿ.