ಎಕ್ಸ್‌ಟೆನ್ಷನ್‌ಗೆ ಒಂದು ಬೇರೆ ಕೋಣೆ ಕೊಡಿ

ನನ್ನ ಬ್ರೌಸರ್‌ನಲ್ಲಿ ಒಂದು ಪುಟ್ಟ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್) ಇತ್ತು. ಪುಟದಲ್ಲಿರುವ ಯಾವ ಪದದ ಮೇಲೆ ಎರಡು ಸಲ ಒತ್ತಿದರೂ ಅರ್ಥ ತೋರಿಸುತ್ತಿತ್ತು. ಮೂರು ವರ್ಷ ನೆಮ್ಮದಿಯಾಗಿ ಬಳಸಿದೆ. ಒಂದು ಬೆಳಿಗ್ಗೆ ಅಡ್ರೆಸ್ ಬಾರ್‌ನಲ್ಲಿ ಏನೋ ಹುಡುಕಿದೆ. ಫಲಿತಾಂಶದ ಪುಟ ಬರುವ ಮುಂಚೆ ಇನ್ಯಾವುದೋ ವಿಳಾಸ ಒಂದು ಕ್ಷಣ ಮಿಂಚಿ ಮಾಯವಾಯಿತು. ಕಣ್ಣು ಬೇರೆ ಕಡೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತಾ ಹುಡುಕಿ ನೋಡಿದೆ. ನಾಲ್ಕನೆಯದು ಆನ್ ಆದ ಕೂಡಲೇ ಮತ್ತೆ ಅದೇ ವಿಳಾಸ ಮಿಂಚಿತು. ಅದೇ ಪದದ ಅರ್ಥ ಹೇಳುವ ಎಕ್ಸ್‌ಟೆನ್ಷನ್! ಸ್ಟೋರ್ ಪುಟಕ್ಕೆ ಹೋಗಿ ನೋಡಿದರೆ ಡೆವಲಪರ್ ಹೆಸರೇ ಬದಲಾಗಿತ್ತು. ಯಾರೋ ಬರೆದದ್ದು ಇನ್ಯಾರದೋ ಕೈಗೆ ಹೋಗಿತ್ತು. ನನಗೆ ಸುದ್ದಿಯೇ ಇರಲಿಲ್ಲ.

ಅವತ್ತಿನಿಂದ ಎಕ್ಸ್‌ಟೆನ್ಷನ್ ಬಳಸುವುದನ್ನೇ ಬಿಟ್ಟೆ ಅಂತಲ್ಲ. ಈಗಲೂ ಏಳೆಂಟು ಇವೆ. ಆದರೆ ಬ್ಯಾಂಕು, ಮೇಲ್, ಕಚೇರಿ ಕೆಲಸ ನಡೆಯುವ ಜಾಗದಲ್ಲಿ ಅವು ಇಲ್ಲ. ಹೊರಗಿನವರು ಬರೆದ ಎಕ್ಸ್‌ಟೆನ್ಷನ್ ಮತ್ತು ನಾವು ಲಾಗಿನ್ ಆಗಿರುವ ಖಾತೆಗಳು ಒಂದೇ ಕೋಣೆಯಲ್ಲಿ ಇರಬಾರದು. ಕೆಳಗಿನ ಹೆಜ್ಜೆಗಳೆಲ್ಲ ಮುಖ್ಯವಾಗಿ ಆ ಗೋಡೆ ಕಟ್ಟುವುದಕ್ಕೇ.

ಅಪಾಯ ಎಲ್ಲಿ ಕೂತಿದೆ?

ಹಳೇ ಪ್ಲಗಿನ್‌ಗಳ ಕಾಲ ಬೇರೆ ಥರ ಇತ್ತು. ನೆಟ್‌ಸ್ಕೇಪ್ ಎಂಬ ಹಳೇ ಬ್ರೌಸರ್ ಕಾಲದಲ್ಲಿ ಹುಟ್ಟಿದ ಎನ್‌ಪಿಎಪಿಐ ಎಂಬ ವ್ಯವಸ್ಥೆಯಲ್ಲಿ ವೆಬ್ ಪುಟದಲ್ಲಿ ಆಟ, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್, ಜಾವಾದಂಥ ಪ್ಲಗಿನ್‌ಗಳೆಲ್ಲ ನೇರವಾಗಿ ಬ್ರೌಸರ್‌ನ ಹೊಟ್ಟೆಯೊಳಗೇ ಓಡುತ್ತಿದ್ದವು. ಪ್ಲಗಿನ್ ಬಿದ್ದರೆ ಬ್ರೌಸರ್ ಕೂಡ ಬೀಳುತ್ತಿತ್ತು. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ತಂಡದ ಕಾಂಕರರ್ ಬ್ರೌಸರ್ ಪ್ಲಗಿನ್‌ಗಳಿಗೆ ಪ್ರತ್ಯೇಕ ಪ್ರೋಗ್ರಾಮ್ ಇಟ್ಟಿತ್ತು. ಫೈರ್‌ಫಾಕ್ಸ್ 2010ರಲ್ಲಿ 3.6.4 ಆವೃತ್ತಿಯಿಂದ ಹಾಗೇ ಮಾಡಿತು. ಇದರಿಂದ ಬ್ರೌಸರ್ ಬೀಳುವುದು ಕಮ್ಮಿಯಾಯಿತು. ಆದರೆ ಆ ಪ್ರತ್ಯೇಕ ಪ್ರೋಗ್ರಾಮ್ ಓಡುತ್ತಿದ್ದದ್ದು ನಿಮ್ಮ ಹೆಸರಿನಲ್ಲೇ. ನೀವು ತೆರೆಯಬಹುದಾದ ಫೈಲನ್ನೆಲ್ಲ ಅದೂ ತೆರೆಯಬಹುದಿತ್ತು. ಕೊನೆಗೆ ಕ್ರೋಮ್ 2015ರಲ್ಲಿ ಎನ್‌ಪಿಎಪಿಐ ಅನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಕೈಬಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕೂಡ ಮುಗಿಯಿತು.

ಈಗ ನಾವು ಹಾಕಿಕೊಳ್ಳುವ ಎಕ್ಸ್‌ಟೆನ್ಷನ್‌ಗಳು ಹಾಗಲ್ಲ. ಅವು ಸುಮ್ನೆ ನಿಮ್ಮ ಫೋಲ್ಡರ್‌ಗೆ ಕೈ ಹಾಕಲಾರವು. ಬ್ರೌಸರ್‌ನ ಸ್ಯಾಂಡ್‌ಬಾಕ್ಸ್, ಅಂದರೆ ಒಳಗೆ ಓಡುವುದು ಹೊರಗೆ ಕೈ ಚಾಚದಂತೆ ಹಾಕಿದ ಬೇಲಿ, ಕಂಪ್ಯೂಟರನ್ನು ಕಾಯುತ್ತದೆ. ಆದರೆ ನಮ್ಮ ಬದುಕು ಇವತ್ತು ಫೋಲ್ಡರ್‌ಗಿಂತ ಜಾಸ್ತಿ ಬ್ರೌಸರ್ ಟ್ಯಾಬ್‌ಗಳಲ್ಲಿದೆ, ಅಲ್ವಾ? ಎಕ್ಸ್‌ಟೆನ್ಷನ್ ಇರುವುದು ಅಲ್ಲೇ. ಪುಟ ಓದುವ ಅನುಮತಿ ಇದ್ದರೆ ನಿಮ್ಮ ಮೇಲ್ ಓದುತ್ತದೆ, ನೀವು ಟೈಪ್ ಮಾಡುವ ಪಾಸ್‌ವರ್ಡ್ ನೋಡುತ್ತದೆ. ಕುಕಿಗಳ (ನೀವು ಲಾಗಿನ್ ಆಗಿದ್ದೀರೆಂದು ನೆನಪಿಡಲು ಸೈಟ್ ಬ್ರೌಸರ್‌ನಲ್ಲಿ ಇಡುವ ಗುರುತು) ಅನುಮತಿಯೂ ಸೇರಿದರೆ ನಿಮ್ಮ ಲಾಗಿನ್ನನ್ನೇ ನಕಲು ಮಾಡಿ ಹೊರಗೆ ಕಳಿಸಬಹುದು. ಆಗ ಕದ್ದವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಹೆಜ್ಜೆ 1: ನಿಜಕ್ಕೂ ಬೇಕಾ ನೋಡಿ

ಪಿಡಿಎಫ್ ತೆರೆಯಲು, ಪುಟವನ್ನು ಅನುವಾದಿಸಲು, ಕತ್ತಲೆ ಬಣ್ಣದ ಥೀಮ್‌ಗೆ ಇವತ್ತಿನ ಬ್ರೌಸರ್‌ಗಳಿಗೆ ಹೊರಗಿನ ಸಹಾಯ ಬೇಡ. ಪರದೆಯ ಚಿತ್ರ ತೆಗೆಯಲು ಡೆಸ್ಕ್‌ಟಾಪ್‌ನಲ್ಲೇ ಸಾಧನ ಇದೆ. ಇಷ್ಟು ನೋಡಿಯೂ ಬೇಕು ಅನಿಸಿದರೆ ಮುಂದೆ ಹೋಗಿ.

ಹೆಜ್ಜೆ 2: ಅನುಮತಿ ಕೇಳುವ ಪೆಟ್ಟಿಗೆಯನ್ನು ನಿಧಾನವಾಗಿ ಓದಿ

ಇಲ್ಲೇ ನಾವೆಲ್ಲ ಎಡವುವುದು. 'ಆ್ಯಡ್' ಒತ್ತಿದ ಕೂಡಲೇ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಒಂದೋ ಎರಡೋ ಸಾಲು. ಬಣ್ಣದ ಕೋಡ್ ತಿಳಿಸುವ ಒಂದು ಎಕ್ಸ್‌ಟೆನ್ಷನ್ ಹಾಕುತ್ತಿದ್ದೀರಿ ಅಂದುಕೊಳ್ಳಿ. ಪೆಟ್ಟಿಗೆಯಲ್ಲಿ 'ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಎಲ್ಲ ಡೇಟಾವನ್ನು ಓದಲು ಮತ್ತು ಬದಲಾಯಿಸಲು' ಅಂತ ಇದೆ. ಎರಡು ಸಲ ಓದಿ. ಓದಲು ಮಾತ್ರ ಅಲ್ಲ, ಬದಲಾಯಿಸಲೂ. ನಿಮ್ಮ ಬ್ಯಾಂಕ್ ಪುಟದಲ್ಲಿ ಕಾಣುವ ಅಂಕಿಯನ್ನೂ ಅದು ಬದಲಾಯಿಸಿ ತೋರಿಸಬಹುದು. ಬಣ್ಣ ಹೇಳುವುದಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ನೀವು ಒತ್ತಿದಾಗ, ಎದುರಿಗಿರುವ ಒಂದು ಟ್ಯಾಬ್ ಮಾತ್ರ ನೋಡುವ ಸಣ್ಣ ಅನುಮತಿಯೂ ಬ್ರೌಸರ್‌ನಲ್ಲಿದೆ. ಒಳ್ಳೆಯ ಡೆವಲಪರ್ ಅಷ್ಟನ್ನೇ ಕೇಳುತ್ತಾರೆ.

ಇನ್ನೊಂದು ಮಾತು. ಅಪ್‌ಡೇಟ್‌ನಲ್ಲಿ ಹೊಸದಾಗಿ ದೊಡ್ಡ ಅನುಮತಿ ಕೇಳಿದರೆ ಬ್ರೌಸರ್ ನಿಮ್ಮನ್ನು ಮತ್ತೆ ಕೇಳುತ್ತದೆ. ಆದರೆ ಮೊದಲ ದಿನವೇ ಎಲ್ಲ ಸೈಟ್‌ಗಳಿಗೂ ಹೂಂ ಅಂದಿದ್ದರೆ, ಆ ಹೂಂ ಸಾಕು. ಆಮೇಲೆ ಒಳಗಿನ ಕೋಡ್ ಏನೇ ಆದರೂ ಮತ್ತೆ ಪ್ರಶ್ನೆ ಬರುವುದಿಲ್ಲ. ಗ್ರೇಟ್ ಸಸ್ಪೆಂಡರ್ ಎಂಬ ಜನಪ್ರಿಯ ಎಕ್ಸ್‌ಟೆನ್ಷನ್‌ನಲ್ಲಿ ಆಗಿದ್ದು ಹೀಗೇ. ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಒಳ್ಳೆಯ ಕೆಲಸ ಅದರದ್ದು. 2020ರಲ್ಲಿ ಮೂಲ ಡೆವಲಪರ್ ಅದನ್ನು ಬೇರೆಯವರಿಗೆ ಕೊಟ್ಟರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ತೆಗೆದುಹಾಕಿತು. ಕೈ ಬದಲಾಗದೆಯೂ ಹೀಗಾಗಬಹುದು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರು ನಕಲಿ ಮೇಲ್‌ಗೆ ಮೋಸಹೋದರು. ಆ ಕಂಪನಿಯ ಎಕ್ಸ್‌ಟೆನ್ಷನ್‌ನ ಕೆಟ್ಟ ಆವೃತ್ತಿ ಸುಮಾರು ಒಂದು ದಿನ ಅಧಿಕೃತ ಸ್ಟೋರ್‌ನಿಂದಲೇ ಜನರ ಕಂಪ್ಯೂಟರ್‌ಗೆ ಹೋಯಿತು. ಬಳಸುವವರು ಏನನ್ನೂ ಒತ್ತಬೇಕಾಗಿರಲಿಲ್ಲ. ಅಪ್‌ಡೇಟ್ ತಾನಾಗಿ ಬಂತು.

ಹಾಗಾಗಿ ಒಳ್ಳೆಯ ಹೆಸರು, ಜಾಸ್ತಿ ಸ್ಟಾರ್ ನೋಡಿ ನಂಬುವುದಕ್ಕೆ ನಾನು ಒಪ್ಪುವುದಿಲ್ಲ. ಅವು ನಿನ್ನೆಯ ಆವೃತ್ತಿಯ ಬಗ್ಗೆ ಹೇಳುತ್ತವೆ.

ಹೆಜ್ಜೆ 3: ಬೇರೆ ಪ್ರೊಫೈಲ್ ಮಾಡಿ

ಬೇರೇನೂ ಮಾಡದಿದ್ದರೂ ಇದೊಂದನ್ನು ದಯವಿಟ್ಟು ಮಾಡಿ. ಐದು ನಿಮಿಷದ ಕೆಲಸ.

ಕ್ರೋಮ್, ಎಡ್ಜ್, ಬ್ರೇವ್‌ಗಳಲ್ಲಿ ಪ್ರೊಫೈಲ್ ಚಿತ್ರದ ಮೇಲೆ, ಅಥವಾ ಮೆನುವಿನಲ್ಲಿ ಹುಡುಕಿದರೆ ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಾದರೆ ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಅಬೌಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ 'ಪ್ರೊಫೈಲ್ಸ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಹೊಸ ಪ್ರೊಫೈಲ್ ಮಾಡುವ ಬಟನ್ ಅಲ್ಲೇ ಕಾಣುತ್ತದೆ.

ಪ್ರತಿ ಪ್ರೊಫೈಲ್‌ಗೂ ಅದರದೇ ಕುಕಿ, ಅದರದೇ ಪಾಸ್‌ವರ್ಡ್ ಪಟ್ಟಿ, ಅದರದೇ ಎಕ್ಸ್‌ಟೆನ್ಷನ್. ಒಂದರಲ್ಲಿರುವ ಎಕ್ಸ್‌ಟೆನ್ಷನ್‌ಗೆ ಇನ್ನೊಂದರ ಪುಟಗಳು ಕಾಣುವುದಿಲ್ಲ. ನಾನು ಎರಡು ಇಟ್ಟಿದ್ದೇನೆ. ಒಂದಕ್ಕೆ 'ಖಾತೆ' ಅಂತ ಹೆಸರು, ಕಡು ನೀಲಿ ಬಣ್ಣ. ಅದರಲ್ಲಿ ಒಂದೇ ಒಂದು ಎಕ್ಸ್‌ಟೆನ್ಷನ್ ಇಲ್ಲ. ಇನ್ನೊಂದಕ್ಕೆ 'ಓಡಾಟ' ಅಂತ ಹೆಸರು, ಕಿತ್ತಳೆ ಬಣ್ಣ. ಹುಡುಕಾಟ, ಓದು, ಎಕ್ಸ್‌ಟೆನ್ಷನ್‌ಗಳೆಲ್ಲ ಅಲ್ಲಿ. ಬಣ್ಣ ಬೇರೆ ಬೇರೆ ಇಡುವುದನ್ನು ಮರೆಯಬೇಡಿ. ಅವಸರದಲ್ಲಿ ಕಿಟಕಿ ತಪ್ಪದಂತೆ ಕಾಯುವುದು ಅದೇ.

ಇಲ್ಲಿ ಒಂದು ಬಲೆ ಇದೆ. ಹೊಸ ಪ್ರೊಫೈಲ್‌ನಲ್ಲಿ ಹಳೇ ಖಾತೆಯಿಂದಲೇ ಸೈನ್ ಇನ್ ಆಗಿ ಸಿಂಕ್ ಆನ್ ಮಾಡಿದರೆ, ಹಳೇ ಎಕ್ಸ್‌ಟೆನ್ಷನ್‌ಗಳೆಲ್ಲ ಸಾಲಾಗಿ ಬಂದು ಕೂರುತ್ತವೆ. ಗೋಡೆ ಕಟ್ಟಿದ್ದು ದಂಡ. ಸೈನ್ ಇನ್ ಆಗಬೇಡಿ, ಇಲ್ಲವೇ ಸಿಂಕ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಟೆನ್ಷನ್ ಎಂಬ ಒಂದನ್ನು ಆಫ್ ಮಾಡಿ. ಫೈರ್‌ಫಾಕ್ಸ್ ಬಳಸುವವರು ಕಂಟೇನರ್ ಟ್ಯಾಬ್ ಇದೆಯಲ್ಲ ಅನ್ನಬಹುದು. ಅದು ಸೈಟ್‌ಗಳನ್ನು ಒಂದರಿಂದೊಂದು ಬೇರೆ ಇಡುತ್ತದೆ. ಎಲ್ಲ ಸೈಟ್‌ಗಳ ಅನುಮತಿ ಇರುವ ಎಕ್ಸ್‌ಟೆನ್ಷನ್ ಎಲ್ಲ ಕಂಟೇನರ್‌ಗಳಲ್ಲೂ ಓಡುತ್ತದೆ. ಹಾಗಾಗಿ ಪ್ರೊಫೈಲೇ ಬೇಕು.

ಹೆಜ್ಜೆ 4: ಸೈಟ್‌ಗಳ ಪಟ್ಟಿ ಕತ್ತರಿಸಿ

'ಓಡಾಟ' ಪ್ರೊಫೈಲ್‌ನಲ್ಲೂ ಪೂರ್ತಿ ಬಿಡಬೇಕಾಗಿಲ್ಲ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ನ ವಿವರ ಪುಟಕ್ಕೆ ಹೋದರೆ 'ಸೈಟ್ ಆ್ಯಕ್ಸೆಸ್' ಅಂತ ಇರುತ್ತದೆ. ಒತ್ತಿದಾಗ ಮಾತ್ರ, ಹೇಳಿದ ಸೈಟ್‌ಗಳಲ್ಲಿ ಮಾತ್ರ, ಎಲ್ಲ ಕಡೆ ಎಂದು ಮೂರು ಆಯ್ಕೆ. ಮೊದಲನೆಯದನ್ನು ಇಟ್ಟು ಒಂದು ವಾರ ಬಳಸಿ ನೋಡಿ. ಬಹಳಷ್ಟು ಎಕ್ಸ್‌ಟೆನ್ಷನ್‌ಗಳಿಗೆ ಅಷ್ಟೇ ಸಾಕಾಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಆ್ಯಡ್-ಆನ್ ಪುಟದ 'ಪರ್ಮಿಷನ್ಸ್' ಟ್ಯಾಬ್ ನೋಡಿ. ಖಾಸಗಿ ಕಿಟಕಿಯಲ್ಲಿ ಓಡುವ ಅನುಮತಿ ಎರಡರಲ್ಲೂ ಮೊದಲಿಂದ ಆಫ್ ಇರುತ್ತದೆ. ಹಾಗೇ ಬಿಡಿ.

ಹೆಜ್ಜೆ 5: ಡೆಸ್ಕ್‌ಟಾಪ್ ಜೊತೆ ಮಾತಾಡುವ ಎಕ್ಸ್‌ಟೆನ್ಷನ್‌ಗಳು

ಕೆಲವು ಎಕ್ಸ್‌ಟೆನ್ಷನ್‌ಗಳು ಬ್ರೌಸರ್‌ನೊಳಗೇ ನಿಲ್ಲುವುದಿಲ್ಲ. 'ನೇಟಿವ್ ಮೆಸೇಜಿಂಗ್' ಎಂಬ ದಾರಿಯಿಂದ ಕಂಪ್ಯೂಟರ್‌ನಲ್ಲಿರುವ ಇನ್ನೊಂದು ಪ್ರೋಗ್ರಾಮ್ ಜೊತೆ ಮಾತಾಡುತ್ತವೆ. ಪಾಸ್‌ವರ್ಡ್ ಮ್ಯಾನೇಜರ್, ಡೌನ್‌ಲೋಡ್ ಮ್ಯಾನೇಜರ್‌ಗಳಲ್ಲಿ ಇದು ಸಾಮಾನ್ಯ. ಹುಷಾರಾಗಿರಬೇಕಾದ್ದು ಇಲ್ಲಿ. ಆ ಪ್ರೋಗ್ರಾಮ್‌ಗೆ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್ ಇಲ್ಲ. ಹಳೇ ಪ್ಲಗಿನ್‌ನಂತೆ ನಿಮ್ಮ ಪೂರ್ತಿ ಹಕ್ಕಿನಲ್ಲಿ ಓಡುತ್ತದೆ. ಎರಡೂ ಪ್ರೊಫೈಲ್‌ಗಳ ಫೋಲ್ಡರ್ ಅದಕ್ಕೆ ಸಿಗುತ್ತದೆ. ಅಂದರೆ ಮೂರನೇ ಹೆಜ್ಜೆಯ ಗೋಡೆ ಅದನ್ನು ತಡೆಯುವುದಿಲ್ಲ.

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಎರಡು ಉದಾಹರಣೆ ಹೇಳುತ್ತೇನೆ. ಕೆಡಿಇಯ 'ಪ್ಲಾಸ್ಮಾ ಬ್ರೌಸರ್ ಇಂಟಿಗ್ರೇಷನ್' ಬ್ರೌಸರ್‌ನಲ್ಲಿ ಓಡುವ ಹಾಡನ್ನು ಪ್ಯಾನೆಲ್‌ನಿಂದಲೇ ನಿಲ್ಲಿಸಲು, ಡೌನ್‌ಲೋಡ್ ಎಷ್ಟಾಯಿತೆಂದು ನೋಡಲು ಬಿಡುತ್ತದೆ. ಅದರ ಎರಡೂ ಭಾಗ ಕೆಡಿಇಯವರದ್ದೇ. ನಿಮ್ಮ ಡಿಸ್ಟ್ರೊ (ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆ) ಕೊಡುವ ಪ್ಯಾಕೇಜ್‌ನಿಂದ ಹಾಕಿಕೊಂಡರೆ ನನಗೆ ತಕರಾರಿಲ್ಲ. ಗ್ನೋಮ್ ಎಂಬ ಇನ್ನೊಂದು ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ, ಡೆಸ್ಕ್‌ಟಾಪ್‌ಗೇ ಸೇರುವ ಶೆಲ್ ಎಕ್ಸ್‌ಟೆನ್ಷನ್‌ಗಳನ್ನು ವೆಬ್ ಪುಟದಿಂದ ಹಾಕಲು ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಮತ್ತು ಒಂದು ಕನೆಕ್ಟರ್ ಬೇಕು. ಬ್ರೌಸರ್ ಬೇಡವೇ ಬೇಡ ಅಂದರೆ 'ಎಕ್ಸ್‌ಟೆನ್ಷನ್ ಮ್ಯಾನೇಜರ್' ಎಂಬ ಆ್ಯಪ್ ಅದೇ ಕೆಲಸ ಮಾಡುತ್ತದೆ. ನೆನಪಿಡಿ, ಗ್ನೋಮ್ ಶೆಲ್ ಎಕ್ಸ್‌ಟೆನ್ಷನ್ ಓಡುವುದು ಡೆಸ್ಕ್‌ಟಾಪ್‌ನ ಹೊಟ್ಟೆಯೊಳಗೇ, ಯಾವ ಸ್ಯಾಂಡ್‌ಬಾಕ್ಸೂ ಇಲ್ಲದೆ. ಹೆಸರು ಒಂದೇ ಥರ ಇದ್ದರೂ ಬ್ರೌಸರ್ ಎಕ್ಸ್‌ಟೆನ್ಷನ್‌ಗಿಂತ ಅದರ ಕೈ ಬಹಳ ಉದ್ದ.

ಹೆಜ್ಜೆ 6: ಅನುಮಾನ ಇದ್ದರೆ ದೊಡ್ಡ ಗೋಡೆ

ಹೊರಗಿನ ಪ್ರೋಗ್ರಾಮ್ ಬೇಕೇ ಬೇಕು, ಆದರೆ ಪೂರ್ತಿ ನಂಬಿಕೆ ಇಲ್ಲ. ಆಗ ಕಂಪ್ಯೂಟರ್‌ನಲ್ಲೇ ಇನ್ನೊಂದು ಯೂಸರ್ ಖಾತೆ ಮಾಡಿ, ಅಡ್ಮಿನ್ ಹಕ್ಕು ಕೊಡದೆ. ಲಾಗಿನ್ ಪರದೆಯಿಂದ ಬೇರೆಯಾಗಿ ಒಳಗೆ ಹೋಗಿ ಬಳಸಿ. ಉಬುಂಟುವಿನಲ್ಲಿ 21.04 ಆವೃತ್ತಿಯಿಂದ ಒಬ್ಬರ ಹೋಮ್ ಫೋಲ್ಡರ್ ಇನ್ನೊಬ್ಬರಿಗೆ ತಾನಾಗಿಯೇ ಮುಚ್ಚಿರುತ್ತದೆ. ಹಳೇ ಸಿಸ್ಟಮ್ ಆದರೆ ನೀವೇ ಮುಚ್ಚಬೇಕು. ನಿಮ್ಮ ಸೆಷನ್‌ನೊಳಗೇ ಇನ್ನೊಂದು ಯೂಸರ್ ಹೆಸರಲ್ಲಿ ಬ್ರೌಸರ್ ತೆರೆಯುವುದು ಬೇಡ. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ತೋರಿಸುವ ಹಳೇ ವ್ಯವಸ್ಥೆಯಾದ ಎಕ್ಸ್11ರಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಕೀಲಿ ಒತ್ತುವುದನ್ನು ಕದ್ದು ಕೇಳಬಲ್ಲದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಆ ತೂತು ಮುಚ್ಚಿದೆ.

ಲಿನಕ್ಸ್‌ನಲ್ಲಿ ಫ್ಲಾಟ್‌ಪ್ಯಾಕ್ (ತನ್ನದೇ ಬೇಲಿಯೊಳಗೆ ಓಡುವ ಪ್ಯಾಕೇಜ್) ರೂಪದ ಬ್ರೌಸರ್ ಇನ್ನೊಂದು ದಾರಿ. ಫ್ಲಾಟ್‌ಸೀಲ್ ಆ್ಯಪ್ ತೆರೆದು, ಆ ಬ್ರೌಸರ್‌ಗೆ ಹೋಮ್ ಫೋಲ್ಡರ್ ಅನುಮತಿ ಇದ್ದರೆ ತೆಗೆದುಬಿಡಿ. ಡೌನ್‌ಲೋಡ್ಸ್ ಫೋಲ್ಡರ್ ಒಂದೇ ಸಾಕು. ಇದರೊಳಗೆ ನೇಟಿವ್ ಮೆಸೇಜಿಂಗ್ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಅದನ್ನು ಸರಿಮಾಡಲು ಹೋಗಿ ಗೋಡೆಗೆ ತೂತು ಕೊರೆಯಬೇಡಿ. ವಿಂಡೋಸ್ ಪ್ರೊ ಇರುವವರಿಗೆ 'ವಿಂಡೋಸ್ ಸ್ಯಾಂಡ್‌ಬಾಕ್ಸ್' ಇದೆ. ಮುಚ್ಚಿದ ಕೂಡಲೇ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಒಮ್ಮೆ ಹಾಕಿ ನೋಡುವುದಕ್ಕೆ ಬಹಳ ಚೆನ್ನಾಗಿದೆ.

ಇನ್ನು ಹಳೇ ಫ್ಲ್ಯಾಶ್ ಆಟ ಆಡಬೇಕೆಂದು ಹಳೇ ಪ್ಲಗಿನ್ ಹುಡುಕುತ್ತಾ ಹೋಗಬೇಡಿ. ರಫಲ್ ಎಂಬ ಎಮ್ಯುಲೇಟರ್ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್‌ನೊಳಗೇ ಎಷ್ಟೋ ಫ್ಲ್ಯಾಶ್ ಫೈಲ್‌ಗಳನ್ನು ಓಡಿಸುತ್ತದೆ. ಜಾವಾ ಪ್ಲಗಿನ್ ಕೇಳುವ ಹಳೇ ಯಂತ್ರದ ಪುಟ ತೆರೆಯಲೇಬೇಕಾದರೆ, ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಒಂದರಲ್ಲಿ ಹಳೇ ಬ್ರೌಸರ್ ಹಾಕಿ, ಅದಕ್ಕೆ ಆ ಹಳೇ ಯಂತ್ರ ಒಂದನ್ನು ಬಿಟ್ಟು ಬೇರೇನೂ, ಇಂಟರ್ನೆಟ್ ಕೂಡ, ಸಿಗದಂತೆ ಮಾಡಿ.

ಹೆಜ್ಜೆ 7: ತೆಗೆಯುವಾಗ

ಎಕ್ಸ್‌ಟೆನ್ಷನ್ ಕೆಟ್ಟದ್ದು ಅಂತ ಗೊತ್ತಾದರೆ 'ರಿಮೂವ್' ಒತ್ತಿ ಎದ್ದು ಹೋಗಬೇಡಿ. ಅದರ ಜೊತೆ ಬಂದ ನೇಟಿವ್ ಪ್ರೋಗ್ರಾಮ್ ಕಂಪ್ಯೂಟರ್‌ನಲ್ಲೇ ಉಳಿದಿರುತ್ತದೆ. ಅದನ್ನು ಬೇರೆಯಾಗಿ ಅನ್‌ಇನ್‌ಸ್ಟಾಲ್ ಮಾಡಬೇಕು. ಆಮೇಲೆ ಆ ಪ್ರೊಫೈಲ್‌ನಲ್ಲಿ ಲಾಗಿನ್ ಆಗಿದ್ದ ಪ್ರತಿ ಖಾತೆಗೂ ಹೋಗಿ 'ಎಲ್ಲ ಸಾಧನಗಳಿಂದ ಸೈನ್ ಔಟ್' ಒತ್ತಿ. ನಾನು ಅವತ್ತು ಪಾಸ್‌ವರ್ಡ್ ಮಾತ್ರ ಬದಲಾಯಿಸಿ ಸುಮ್ಮನಾಗಿದ್ದೆ. ಕುಕಿ ಕದ್ದವರ ಬಳಿ ಲಾಗಿನ್ ಇನ್ನೂ ತೆರೆದೇ ಇರಬಹುದು ಅಂತ ಎರಡು ದಿನ ಬಿಟ್ಟು ಹೊಳೆಯಿತು. ಸೈನ್ ಔಟ್ ಮೊದಲು, ಹೊಸ ಪಾಸ್‌ವರ್ಡ್ ಆಮೇಲೆ. ಎರಡನ್ನೂ ಎಕ್ಸ್‌ಟೆನ್ಷನ್ ಇಲ್ಲದ ಪ್ರೊಫೈಲ್‌ನಿಂದ ಮಾಡಿ.