ಪಾಟೀಲರ ವಂಶ ಹುಡುಕಲು ಅಡ್ಡಹೆಸರು ಬಿಟ್ಟು ಹೊಲ ಹಿಡಿದೆ

ಪಾಟೀಲ ಎಂಬುದು ಊರಿನ ಮುಖ್ಯಸ್ಥನ ಹುದ್ದೆಯ ಹೆಸರು. ಮುಂಬೈ ಕರ್ನಾಟಕದ ಊರೂರಿಗೂ ಪಾಟೀಲಕಿ ಇತ್ತು. ಲಿಂಗಾಯತ, ಮರಾಠ, ಜೈನ, ಮುಸ್ಲಿಂ ಎಲ್ಲರಲ್ಲೂ ಈ ಅಡ್ಡಹೆಸರು ಸಿಗುವುದು ಅದಕ್ಕೇ. ಪಕ್ಕದೂರಿನ ಪಾಟೀಲರನ್ನು ಅಣ್ಣತಮ್ಮಕಿಯವರೆಂದು ಬರೆದುಕೊಂಡು ಹೊರಟರೆ ಎರಡೇ ತಲೆಮಾರಿಗೆ ದಾರಿ ತಪ್ಪುತ್ತದೆ. ಹಾಗಾಗಿ ನಾನು ಹಿಡಿದದ್ದು ಹೊಲದ ಸರ್ವೆ ನಂಬರನ್ನು.

ಮೊದಲು ಈಗಿನ ಪಹಣಿ. ಅದರಲ್ಲಿ ಖಾತೆ ಹೇಗೆ ಬಂತೆಂಬುದಕ್ಕೆ ಒಂದು ಮ್ಯುಟೇಶನ್ ನಂಬರ್ ಇರುತ್ತದೆ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ನಂಬರಿನ ನಕಲು ತೆಗೆಸಿದರೆ ಅದರ ಹಿಂದಿನದು ಸಿಗುತ್ತದೆ, ಅದರಿಂದ ಅದರ ಹಿಂದಿನದು. ಮುಂಬೈ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಈ ಸರಪಳಿ ಅದಕ್ಕಿಂತ ಹಿಂದೆ ಹೋಗದು. ಸರ್ವೆ ನಂಬರ್ 42 ಒಡೆದು 42/1, 42/2 ಆದ ವರ್ಷವನ್ನು ಗುರುತು ಹಾಕಿಕೊಳ್ಳಿ. ಬಹುತೇಕ ಅದು ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು), ಇಲ್ಲವಾದರೆ ಮಾರಾಟ.

ವಾರಸಾ ನೋಂದಣಿಯ ಒಂದು ಸಾಲು ಹೀಗಿರುತ್ತದೆ ಅನ್ನಿ: ‘ಬಸನಗೌಡ ಬಿನ್ ಶಿವನಗೌಡ ಮಯತ, ವಾರಸರು: 1) ಶಿವನಗೌಡ, 2) ರುದ್ರಗೌಡ ಅ.ಪಾ.ಕ. ತಾಯಿ ಗಂಗವ್ವ ಕೋಂ ಬಸನಗೌಡ.’ ‘ಬಿನ್’ ಅಂದರೆ ಮಗ, ‘ಕೋಂ’ ಅಂದರೆ ಹೆಂಡತಿ, ‘ಮಯತ’ ಅಂದರೆ ತೀರಿಕೊಂಡವರು, ‘ಅ.ಪಾ.ಕ.’ ಅಂದರೆ ಅಜ್ಞಾನ ಪಾಲನಕರ್ತ. ಮೂರು ತಲೆಮಾರು, ಹೆಂಡತಿಯ ಹೆಸರು, ತಂದೆ ತೀರಿದಾಗ ಕಿರಿಮಗ ಅಜ್ಞಾನಿ ಅಂದರೆ ಮೈನರ್ ಆಗಿದ್ದ ಎಂಬುದು, ಎಲ್ಲ ಇಷ್ಟರಲ್ಲೇ ಇದೆ. ಎಡವುವುದೂ ಇಲ್ಲೇ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದರಿಂದ ಶಿವನಗೌಡ ಬಿನ್ ಬಸನಗೌಡ ಒಂದೇ ಮನೆಯಲ್ಲಿ ಒಂದು ತಲೆಮಾರು ಬಿಟ್ಟು ಮತ್ತೆ ಸಿಗುತ್ತಾನೆ. ಇಬ್ಬರನ್ನೂ ಒಬ್ಬನೆಂದು ಓದಿದರೆ ಐವತ್ತು ವರ್ಷ ಮಾಯ. ಬೇರೆ ಮಾಡಲು ನಾನು ನೆಚ್ಚುವುದು ಹೆಂಡತಿಯ ಹೆಸರನ್ನು. ‘ಕೋಂ’ ಇರುವ ಸಾಲುಗಳನ್ನೆಲ್ಲ ಪ್ರತ್ಯೇಕ ಹಾಳೆಯಲ್ಲಿ ಬರೆದಿಡುತ್ತೇನೆ.

1903ರ ಹಿಂದಕ್ಕೆ ಹೋಗಲು ವತನದ, ಅಂದರೆ ವಂಶಪಾರಂಪರ್ಯದ ಊರ ಹುದ್ದೆಯ, ಕಾಗದಗಳೇ ಗತಿ. 1874ರ ವತನ ಕಾಯ್ದೆಯ ಪ್ರಕಾರ ವತನದಾರರ ರಜಿಸ್ಟರ್ ಇಡುತ್ತಿದ್ದರು. ಹಕ್ಕಿಗಾಗಿ ಜಗಳ ಬಿದ್ದ ಮನೆತನವಾದರೆ ನಿಮ್ಮ ಅದೃಷ್ಟ, ದಾವೆಯ ಜೊತೆ ವಂಶಾವಳಿಯೂ ಲಗತ್ತಾಗಿರಬಹುದು. (ಆದರೆ ಅದನ್ನು ಬರೆಸಿದವನು ಆಸ್ತಿ ಕೇಳಲು ಬಂದವನು, ಎದುರುಪಕ್ಷದ ಕೈಫಿಯತ್ತನ್ನೂ (ಲಿಖಿತ ಉತ್ತರವನ್ನೂ) ಓದಿ.) ಹಳೆಯ ಕಾಗದ ಅನೇಕ ಕಡೆ ಮೋಡಿ ಲಿಪಿಯ ಮರಾಠಿಯಲ್ಲಿದೆ, ಓದುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಿಜಾಮರ ಸೀಮೆಯ ಕಡೆ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಬಂದರೆ 590 ಕೂಡಿಸಿ: ಫಸಲಿ 1300 ಅಂದರೆ 1890–91. ಮಾಲಿಪಾಟೀಲ, ಪೊಲೀಸಪಾಟೀಲ ಎಂಬವು ಕಂದಾಯ ಮತ್ತು ಪೊಲೀಸ್ ಕೆಲಸ ಬೇರೆಯಾದಾಗ ಹುಟ್ಟಿದ ಹೆಸರುಗಳು; ಒಂದೇ ಮನೆತನ ಎರಡು ಅಡ್ಡಹೆಸರಿನಲ್ಲಿ ನಿಂತಿರಬಹುದು. ಊರು ಬಿಟ್ಟು ಹೋದ ಕವಲಿಗೆ ಬಿಟ್ಟ ಊರಿನ ಹೆಸರೇ ಅಡ್ಡಹೆಸರಾಗಿರುವುದೂ ಉಂಟು.

ಬೆಡಗು (ಒಂದೇ ಮೂಲದವರ ಕುಲದ ಹೆಸರು), ಮನೆದೇವರು ಕೇಳಲೇಬೇಕು. ಬೆಡಗು ಬೇರೆಯಾದರೆ ಆ ಕೊಂಡಿ ಕೈಬಿಡುತ್ತೇನೆ. ಮನೆದೇವರು ಒಂದೇ ಆದ ಮಾತ್ರಕ್ಕೆ ಏನೂ ಸಿದ್ಧವಾಗದು, ಗೊಡಚಿ ವೀರಭದ್ರನಿಗೆ ನಡೆದುಕೊಳ್ಳುವ ಮನೆಗಳಿಗೆ ಲೆಕ್ಕವಿಲ್ಲ.

ಮನೆತನಗಳ ವಂಶಾವಳಿ ಹೇಳುತ್ತ ಊರೂರು ತಿರುಗುವ ಹೆಳವರು ಬಂದಾಗ ಅವರ ಹೊತ್ತಿಗೆಯನ್ನು ಪಹಣಿಯ ಸರಪಳಿಯ ಪಕ್ಕದಲ್ಲಿಟ್ಟು ಓದಿಸಿಕೊಳ್ಳಿ. ನಿಮ್ಮ ಪಟ್ಟಿಯನ್ನು ಮೊದಲೇ ಹೇಳಬೇಡಿ. ಎರಡೂ ಹೊಂದದ ಕಡೆ ನಾನು ಮೊದಲು ಹುಡುಕುವುದು ‘ದತ್ತಕ’ ಎಂಬ ಪದವನ್ನು.