ಆ ಕಾಣದ ಬಟನ್‌ನಿಂದ ನಾನು ಕಲಿತದ್ದು

ವೆಬ್ ಪುಟ ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣಿಸಿದರೆ ಕೆಲಸ ಮುಗಿಯಿತು ಅಂತ ತುಂಬಾ ವರ್ಷ ನಂಬಿದ್ದೆ. ಸ್ಟ್ಯಾಂಡರ್ಡ್ಸ್ (ವೆಬ್ ಪುಟ ಹೇಗೆ ಬರೆಯಬೇಕು ಅನ್ನುವ ಒಪ್ಪಿತ ನಿಯಮಗಳು) ಪ್ರಕಾರ ಕೋಡ್ ಬರೆಯೋದು ಸುಮ್ನೆ ಖರ್ಚು ಅನ್ನಿಸುತ್ತಿತ್ತು.

ಒಂದು ದಿನ ನಾನು ಮಾಡಿದ ಅರ್ಜಿ ಫಾರ್ಮ್ ಬಗ್ಗೆ ದೃಷ್ಟಿ ಇಲ್ಲದ ಒಬ್ಬರು ಬರೆದರು: "ಎಲ್ಲಾ ತುಂಬಿದ್ದೇನೆ, ಕಳಿಸುವ ಬಟನ್ ಮಾತ್ರ ಸಿಗುತ್ತಿಲ್ಲ." ನಾನು ಅಲ್ಲಿ ಇಟ್ಟಿದ್ದು ಬಟನ್ ಅಲ್ಲ, ಬಣ್ಣ ಬಳಿದ ಒಂದು ಡಿವ್, ಅಂದರೆ ತನ್ನದೇ ಅರ್ಥವಿಲ್ಲದ ಖಾಲಿ ಡಬ್ಬಿಯಂಥ ಟ್ಯಾಗ್ (ಪುಟದ ಯಾವ ಭಾಗ ಏನು ಅಂತ ಬ್ರೌಸರ್‌ಗೆ ಹೇಳುವ ಗುರುತು). ಮೌಸ್‌ನಿಂದ ಒತ್ತಿದರೆ ಕೆಲಸ ಮಾಡುತ್ತಿತ್ತು. ಆದರೆ ಟ್ಯಾಬ್ ಕೀ ಅದರ ಮೇಲೆ ನಿಲ್ಲುತ್ತಿರಲಿಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬರೀ ಅಕ್ಷರ ಅಂತ ಓದಿ ಮುಂದೆ ಹೋಗುತ್ತಿತ್ತು. ಮೊದಲು ಇದು ಬಟನ್ ಅಂತ ಹೇಳುವ ರೋಲ್, ಟ್ಯಾಬ್ ಕೀ ನಿಲ್ಲುವಂತೆ ಮಾಡುವ ಟ್ಯಾಬ್‌ಇಂಡೆಕ್ಸ್, ಕೀಬೋರ್ಡ್‌ಗೆ ಬೇರೆ ಸ್ಕ್ರಿಪ್ಟ್ ಅಂತ ತೇಪೆ ಹಾಕಿದೆ. ಕೊನೆಗೆ ಎಲ್ಲವನ್ನೂ ಅಳಿಸಿ ನಿಜವಾದ ಬಟನ್ ಟ್ಯಾಗ್ ಬರೆದೆ. ಆ ಗುಣಗಳೆಲ್ಲ ಅದರ ಜೊತೆಗೇ ಬಂದವು.

ಆಮೇಲೆ ಇಡೀ ಸೈಟನ್ನು ವೆಬ್ ಸ್ಟ್ಯಾಂಡರ್ಡ್ಸ್ ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿಯ, ಕೋಡ್‌ನ ತಪ್ಪು ಹುಡುಕುವ ವ್ಯಾಲಿಡೇಟರ್‌ಗೆ ಕೊಟ್ಟೆ. ದೋಷಗಳ ಉದ್ದ ಪಟ್ಟಿಯೇ ಬಂತು. ಮುಚ್ಚದ ಒಂದು ಟ್ಯಾಗ್ ಸರಿ ಮಾಡಿದಾಗ ಪಟ್ಟಿ ಅರ್ಧಕ್ಕೆ ಇಳಿಯಿತು. ಕಾಪಿ ಮಾಡಿದ ಎರಡು ಫೀಲ್ಡ್‌ಗಳಿಗೆ ಒಂದೇ ಐಡಿ (ಪುಟದಲ್ಲಿ ಒಂದಕ್ಕೇ ಇರಬೇಕಾದ ಹೆಸರು) ಇತ್ತು. ಎರಡನೆಯದರ ಲೇಬಲ್ ಒತ್ತಿದರೆ ಕರ್ಸರ್ ಮೊದಲನೆಯದಕ್ಕೆ ಹೋಗುತ್ತಿತ್ತು. ಪುಟ ಯಾವ ನಿಯಮದ್ದು ಅಂತ ಮೊದಲ ಸಾಲಿನಲ್ಲಿ ಹೇಳುವ ಡಾಕ್‌ಟೈಪ್ ಇರಲೇ ಇಲ್ಲ. ಹಾಗಾಗಿ ಬ್ರೌಸರ್ ಹಳೆಯ ಪುಟಗಳಿಗಾಗಿ ಉಳಿಸಿಕೊಂಡಿರುವ ಕ್ವರ್ಕ್ಸ್ ಮೋಡ್‌ನಲ್ಲಿತ್ತು. ಟೇಬಲ್ ಒಳಗಿನ ಅಕ್ಷರದ ಗಾತ್ರ ಯಾಕೆ ಮಾತು ಕೇಳುತ್ತಿಲ್ಲ ಅಂತ ಎಷ್ಟೋ ಸಂಜೆ ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಅದೇ. ಡಾಕ್‌ಟೈಪ್ ಸೇರಿಸಿದ ಕೂಡಲೇ ಇನ್ನೊಂದು ತಪ್ಪು ಹೊರಬಂತು: ಪಿಎಕ್ಸ್ (ಪಿಕ್ಸೆಲ್ ಅನ್ನುವ ಅಳತೆ) ಹಾಕದೆ ಬರೀ ಅಂಕಿ ಬರೆದಿದ್ದ ಅಗಲಗಳು ಕೆಲಸ ಮಾಡೋದನ್ನೇ ನಿಲ್ಲಿಸಿದವು.

ಇದನ್ನೆಲ್ಲ ಸರಿ ಮಾಡಲು ಒಂಬತ್ತು ದಿನ ಬೇಕಾಯಿತು. ಅಷ್ಟೇ ದೊಡ್ಡ ಮುಂದಿನ ಸೈಟನ್ನು ಮೊದಲಿನಿಂದಲೇ ನೋಡಿಕೊಂಡು ಬರೆದೆ. ಜಾಸ್ತಿ ಹಿಡಿದದ್ದು ಎರಡು ದಿನವೂ ಇಲ್ಲ, ಅದರಲ್ಲೂ ಹೆಚ್ಚಿನ ಪಾಲು ಕಲಿಯಲು ಹೋದ ಸಮಯ.

ಆದರೆ ಎಲ್ಲ ದೋಷಕ್ಕೂ ಒಂದೇ ತೂಕ ಇಲ್ಲ. ಕೆಟ್ಟ ಕೋಡನ್ನು ಹೇಗೆ ಓದಬೇಕು ಅಂತ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರ ನಿಯಮವೇ ಹೇಳುತ್ತದೆ, ಅದಕ್ಕೇ ಈಗಿನ ಬ್ರೌಸರ್‌ಗಳು ಅದನ್ನು ಬಹುಮಟ್ಟಿಗೆ ಒಂದೇ ರೀತಿ ತೋರಿಸುತ್ತವೆ. ಯಾರೂ ತೆರೆಯದ ಹಳೆಯ ಪುಟದಲ್ಲಿ ಅಕ್ಷರವನ್ನು ನಡುವೆ ತರಲು ಹಿಂದೆ ಬಳಸುತ್ತಿದ್ದ, ಈಗ ಬಳಸಬಾರದ ಸೆಂಟರ್ ಟ್ಯಾಗ್ ಇದ್ದರೆ ನಾನು ಮುಟ್ಟುವುದಿಲ್ಲ. ಇನ್ನೊಂದು ಕಡೆ, ಅಳಿಸಿದ ನನ್ನ ಆ ಡಿವ್ ಬಟನ್ ಕೊಟ್ಟಿದ್ದರೂ ವ್ಯಾಲಿಡೇಟರ್ ಪಾಸು ಮಾಡುತ್ತಿತ್ತು! ಯಾವ ಕೆಲಸಕ್ಕೆ ಯಾವ ಟ್ಯಾಗ್ ಅನ್ನೋದನ್ನು ಅದು ನೋಡುವುದಿಲ್ಲ, ನಾವೇ ನೋಡಬೇಕು. ಹಾಗಾಗಿ ಈಗ ಮೌಸ್ ಪಕ್ಕಕ್ಕಿಟ್ಟು, ಕೀಬೋರ್ಡ್‌ನಿಂದಲೇ ಫಾರ್ಮ್ ತುಂಬಿ ಕಳಿಸಿ ನೋಡುತ್ತೇನೆ.

ಮುಂಚೆ ಕೊಟೇಶನ್‌ನಲ್ಲಿ ಸ್ಟ್ಯಾಂಡರ್ಡ್ಸ್ ಪ್ರಕಾರ ಬರೆಯೋದಕ್ಕೆ ಬೇರೆ ಸಾಲು ಇರುತ್ತಿತ್ತು. ಖರ್ಚು ಕಡಿಮೆ ಮಾಡಿ ಅಂದಾಗ ಗ್ರಾಹಕರು ಮೊದಲು ಹೊಡೆದು ಹಾಕುತ್ತಿದ್ದುದು ಅದನ್ನೇ. ಈಗ ಆ ಸಾಲೇ ಇಲ್ಲ. ಪುಟ ಕಟ್ಟುವ ದರದಲ್ಲೇ ಅದು ಸೇರಿರುತ್ತದೆ.